ನಾಲ್ಕರಲ್ಲೊಂದು ಪಾಲು

ಕೆಲಸ ಸಿಗುವ ಮೊದಲೇ ವಠಾರದವರೆಲ್ಲ ಅವನಿಗೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಕೆಲಸ ಮಾತ್ರ ಕೈಗೆ ಹತ್ತಿರಲಿಲ್ಲ. ಹೋದ ಸಲದ ಸಂದರ್ಶನದಲ್ಲಿ ಪಾಠ ಮಾಡಿ ತೋರಿಸಿ ಎಂದಿದ್ದರು. ಒಂದು ಮಗು "ಅರ್ಥ ಆಗ್ಲಿಲ್ಲ ಸಾರ್" ಎಂದದ್ದೇ ತಡ, ಮೇಷ್ಟ್ರ ನಾಲಿಗೆ ಒಣಗಿಹೋಯಿತು. ಈ ಸಲವೂ ತಪ್ಪಿದರೆ ಮಾವನ ಗೋದಾಮಿನಲ್ಲಿ ಮೂಟೆ ಹೊರುವುದೇ ಗತಿ.

ಇವತ್ತು ಮಧ್ಯಾಹ್ನ ಹತ್ತಿರದ ಶಾಲೆಯಲ್ಲಿ ಮತ್ತೆ ಸಂದರ್ಶನ. ಬೆಳಿಗ್ಗೆಯೇ ಹೆಂಡತಿ ಅಭ್ಯಾಸಕ್ಕೆಂದು ಮೂವರು ವಿದ್ಯಾರ್ಥಿಗಳನ್ನು ಹಿಡಿದು ತಂದಳು: ಕೆಳಮನೆಯ ದರ್ಜಿ, ನಿವೃತ್ತ ಗುಮಾಸ್ತರು, ಪಕ್ಕದ ಮನೆಯ ಅಜ್ಜಿ.

ದರ್ಜಿ ಮಾತುಮಾತಿಗೂ ಕಿರುಬೆರಳೆತ್ತಿ "ಸಾರ್, ಒಂದಕ್ಕೆ!" ಎಂದು ಹೊರಗೆ ಹೋಗುತ್ತಿದ್ದವನು ಕೊನೆಗೆ ಬರಲೇ ಇಲ್ಲ. ಗುಮಾಸ್ತರು ಕಿಟಕಿಗೊರಗಿ ಗೊರಕೆ ಹೊಡೆದರು. ಅಜ್ಜಿಯೊಬ್ಬರೇ ಭಿನ್ನರಾಶಿ ಬರೆದಿದ್ದ ಬೋರ್ಡಿನಿಂದ ಕಣ್ಣು ಕೀಳಲಿಲ್ಲ.

"ಮೂರಕ್ಕಿಂತ ನಾಲ್ಕು ದೊಡ್ಡದಲ್ವೇನಪ್ಪಾ? ಮತ್ತೆ ನಾಲ್ಕರಲ್ಲೊಂದು ಪಾಲು ಹೆಂಗೆ ಚಿಕ್ಕದಾಯ್ತು?"

ಮೇಷ್ಟ್ರು ಪೇಪರು ಹರಿದು ತೋರಿಸಿದ. ಅಜ್ಜಿ ಅಡ್ಡಡ್ಡ ತಲೆಯಾಡಿಸಿದರು. ಹೊಸ ಸೋಪು ಕತ್ತರಿಸಿದ. "ಊಹೂಂ." ಕಲ್ಲಂಗಡಿ ಹೆಚ್ಚಿದ, ರಸವೆಲ್ಲ ಇಸ್ತ್ರಿ ಅಂಗಿಯ ಮೇಲೆ ಚೆಲ್ಲಿತು. ಬಾಗಿಲ ಹಿಂದಿನಿಂದ ಹೆಂಡತಿ ಗಡಿಯಾರ ತೋರಿಸಿ ಕಣ್ಣು ಕೆಕ್ಕರಿಸಿದಳು.

"ಒಂದ್ನಿಮಿಷ ತಾಳೇ" ಎಂದು ಬಾಗಿಲ ಬಳಿ ಬಂದು ಪಿಸುಗುಟ್ಟಿದ. "ಇನ್ನೇನು ಅರ್ಥ ಆಗೋ ಹಂಗಿದೆ. ಹೆಂಗೇ ಬಿಟ್ಟು ಹೋಗ್ಲಿ?"

"ರೀ, ನಿಮ್ಮ ಕೆಲಸ ಕಣ್ರೀ!"

ಅವನು ಮತ್ತೆ ಬೋರ್ಡಿಗೆ ತಿರುಗಿಬಿಟ್ಟಿದ್ದ. ಆಶ್ಚರ್ಯವೆಂದರೆ ಈಗ ನಾಲಿಗೆ ಒಣಗಲಿಲ್ಲ. ಪ್ರತಿ ಸಲವೂ ಹೊಸ ದಾರಿ ಹೊಳೆಯುತ್ತಿತ್ತು. ಅವನಿಗೆ ಖುಷಿಯಾಗುತ್ತಿತ್ತು.

ಕೊನೆಗೆ ಅಜ್ಜಿ ತೊಡೆ ತಟ್ಟಿದರು. "ಅರ್ಥ ಆಯ್ತು! ಪಾಲುಗಾರರು ಹೆಚ್ಚಾದ್ರೆ ಪಾಲು ಕಡಿಮೆ!"

ಅಷ್ಟರಲ್ಲಿ ಬೀದಿಯಲ್ಲಿ ಮಕ್ಕಳು ಬ್ಯಾಗು ಕುಣಿಸುತ್ತ ಮನೆಗೆ ಮರಳುತ್ತಿದ್ದರು. ಶಾಲೆ ಬಿಟ್ಟಿತ್ತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಷ್ಟ್ರು ಕುಸಿದು ಕೂತ. ಆದರೂ ಮುಖದಲ್ಲೊಂದು ಸಮಾಧಾನ.

"ಹೋಗ್ಲಿ ಬಿಡೇ. ಅಜ್ಜಿಗಾದ್ರೂ ಕಲಿಸಿದೆನಲ್ಲ."

ಅಜ್ಜಿ ಅವನ ಹತ್ತಿರ ಬಂದು ಪ್ರೀತಿಯಿಂದ ಬೆನ್ನು ಸವರಿದರು.

"ನಂಗೆ ಪೇಪರು ಹರಿದಾಗ್ಲೇ ಗೊತ್ತಾಗಿತ್ತು ಕಣಪ್ಪ. ನಿಂಗೆ ಅಭ್ಯಾಸ ಆಗ್ಲಿ ಅಂತ ಗೊತ್ತಿಲ್ಲದವಳ ಹಂಗೆ ಕೂತಿದ್ದೆ. ಸಂದರ್ಶನ ನಾಳೆ ತಾನೇ? ಅಲ್ಲೂ ಹಿಂಗೇ ಹೇಳು, ಕೆಲಸ ಗ್ಯಾರಂಟಿ!"