ಮಾವನ ಡ್ರೈವರಿಗೆ ಗಿಡ್ಡ ಶಾಫ್ಟು

ಗಾಲ್ಫ್ ಆಡುವವರೆಲ್ಲ ಚೆಂಡು ದೂರ ಹೋಗಲಿ ಎಂದು ದೇವರಿಗೆ ಕಾಯಿ ಒಡೆಸುತ್ತಾರೆ. ಹತ್ತಿರವೇ ಬೀಳಬೇಕು ಎಂದು ಹಟ ಹಿಡಿದ ಮನುಷ್ಯ ಭೂಮಿಯ ಮೇಲೆ ಒಬ್ಬರೇ, ಅವರು ನಮ್ಮ ಸೋದರಮಾವ! ನಂಬದಿದ್ದರೆ ಬಿಡಿ. ಅವರ ಕೋಲು ರಿಪೇರಿ ಮಾಡಿದ ಕೈ ಇದು.

ನಾನು ಏಳನೆಯ ಇಯತ್ತೆಗೇ ಸಾಲೆಗೆ ಶರಣು ಹೊಡೆದವನು. ಬೆಳಗಾವಿಯ ಮಗ್ಗುಲಿನ ಮಚ್ಛೆಯಲ್ಲಿ ನನ್ನದೊಂದು ಲೇಥ್ ಅಂಗಡಿ. ನೀರಿನ ಪಂಪು, ಕಬ್ಬಿನ ಗಾಣ, ಏನೇ ಮುರಿದು ಬರಲಿ, ನಮ್ಮಲ್ಲಿಂದ ನೆಟ್ಟಗಾಗಿಯೇ ಹೋಗುತ್ತದೆ. ಇದು ಜಂಬವಲ್ಲ, ಜಂಬವೇ ಆಗಿದ್ದರೂ ದುಡಿದು ಗಳಿಸಿದ್ದು.

ಮಾವನದು ಖಾನಾಪುರ, ಕುರಿ ಕಾಯುವ ಮನೆತನ. ಆದರೆ ಅವರು ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ನೌಕರಿ ಹಿಡಿದು, ಹುಲ್ಲು ಕತ್ತರಿಸುತ್ತ, ಸಾಹೇಬರು ಕಳೆದ ಚೆಂಡು ಹುಡುಕಿ ಕೊಡುತ್ತ ಆಯುಷ್ಯ ಕಳೆದವರು. ಎಂಥ ಕಣ್ಣು ಅಂತೀರಿ! ಮೊಣಕಾಲುದ್ದದ ಹುಲ್ಲಿನೊಳಗೆ ಅಡಗಿದ ಚೆಂಡನ್ನು ನಿಂತಲ್ಲಿಂದಲೇ ತೋರಿಸುತ್ತಿದ್ದರು. ನಿವೃತ್ತಿಯ ದಿನ ಸಾಹೇಬರೊಬ್ಬರು ಖುಷಿಯಾಗಿ ತಮ್ಮ ಹಳೆಯ ಡ್ರೈವರನ್ನೂ ಒಂದು ಚೀಲ ಚೆಂಡನ್ನೂ ಕೊಟ್ಟರು. ಡ್ರೈವರ್ ಎಂದರೆ ಗಾಲ್ಫಿನ ಕೋಲುಗಳಲ್ಲೆಲ್ಲ ಉದ್ದದ್ದು, ದಪ್ಪ ತಲೆಯದ್ದು.

ಅದು ಬಹಳ ದಿನ ಜಂತಿಗೆ ಸಿಕ್ಕಿಸಿದಲ್ಲೇ ಇತ್ತು. ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಟೊಂಕದ ಎಲುಬು ಮುರಿದುಕೊಂಡ ವರ್ಷವೇ ಮಾವನಿಗೆ ಅದರ ನೆನಪಾಗಬೇಕೆ!

ಬೆಳಗಾವಿಯ ನೆಹರು ನಗರದ ದವಾಖಾನೆಯಲ್ಲಿ ಆಪರೇಶನ್ ಚೆನ್ನಾಗಿಯೇ ಆಯಿತು. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: "ದಿನಾ ನಡೀಬೇಕ್ರಿ ಅಮ್ಮಾ. ಈಗ ಕುಂತ್ರ ಮುಂದ ಏಳೂದು ಆಗಂಗಿಲ್ಲ." ಅತ್ತೆ ಮನೆಗೆ ಬಂದು ಕಟ್ಟೆಯ ಮೇಲೆ ಕುಂತರು ನೋಡಿ, ಏಳಲೇ ಇಲ್ಲ! ಮತ್ತೆ ಬಿದ್ದೇನೆಂಬ ಅಂಜಿಕೆ. ಮಕ್ಕಳು ಹೇಳಿದರು, ನೆರೆಯವರು ಹೇಳಿದರು. "ನಡದು ನಾ ಎಲ್ಲಿಗೆ ಹೋಗಬೇಕಾಗೇತಿ?" ಎಂದು ಅತ್ತೆ ಎಲ್ಲರಿಗೂ ಅದೊಂದೇ ಪ್ರಶ್ನೆ ಎಸೆದರು!

ಇಂಥ ಹೊತ್ತಿನಲ್ಲಿ ಮಾವ ಮನೆಯ ಮುಂದೆ ಹೊಳೆಯತನಕ ಹಬ್ಬಿದ ಬಯಲಿನಲ್ಲಿ ಗಾಲ್ಫ್ ಶುರು ಮಾಡಿದರು. ಮೊದಲ ದಿನವೇ ಹೊಡೆತ ಕಲ್ಲಿಗೆ ಬಿದ್ದು ಡ್ರೈವರಿನ ದಂಡ, ಅಂದರೆ ಶಾಫ್ಟು, ಮುರಿಯಿತು. ಉಳಿದ ಮೋಟಿಗೆ ತಾವೇ ಒಂದು ಬಿದಿರು ಸಿಕ್ಕಿಸಿ ಬೀಸಿದರು. ಚೆಂಡು ಇದ್ದಲ್ಲೇ ಕುಂತಿತ್ತು, ಡ್ರೈವರಿನ ತಲೆ ಹಾರಿ ಹುಣಸೆಮರ ಹತ್ತಿತ್ತು!

ಆಗ ಮೊಬೈಲು ಎಲ್ಲಿ? ಎಸ್‌ಟಿಡಿ ಬೂತಿನಿಂದ ನನಗೆ ಫೋನು ಮಾಡಿ, ಮರುದಿನ ಡ್ರೈವರಿನ ತಲೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಕಂಡಕ್ಟರ್ ಕಂಬಳಿ ನೋಡಿ, "ಒಳಗ ಕುರಿಮರಿ ಐತೇನ್ರಿ ಅಜ್ಜಾರ? ಮರಿಗೂ ಟಿಕೀಟ್ ಐತಿ" ಎಂದನಂತೆ. "ಮರಿ ಇಲ್ಲೋ ತಮ್ಮಾ, ಬರೇ ತಲಿ ಐತಿ" ಎಂದದ್ದೇ ತಡ, ಬಾಜೂ ಕುಂತಿದ್ದ ಹೆಣ್ಣುಮಗಳು ಎದ್ದು ಹಿಂದಿನ ಸೀಟಿಗೆ ಹೋದಳಂತೆ!

ಮೈದಾನದ ಹಳೆಯ ಗೆಳೆಯರು ಕೊಟ್ಟ ಒಂದು ಉಕ್ಕಿನ ಶಾಫ್ಟನ್ನೂ ಮಾವ ತಂದಿದ್ದರು. ನಾನು ತಲೆಯ ಕುತ್ತಿಗೆಯನ್ನು ಹದವಾಗಿ ಕಾಯಿಸಿ, ಅಂಟು ಸಡಿಲಾದೊಡನೆ ಹಳೆಯ ಮೋಟನ್ನು ತಿರುವದೆ ನೆಟ್ಟಗೆ ಎಳೆದೆ. ತೂತು ಸ್ವಚ್ಛ ಮಾಡಿ, ಹೊಸ ಶಾಫ್ಟಿನ ತುದಿಯನ್ನು ತಿಕ್ಕಿ ಒರಟು ಮಾಡಿ, ಎರಡು ಟ್ಯೂಬಿನ ಅಂಟು ಕಲಸಿ ಕೂರಿಸಿದೆ. ಬೆಳಗಾಗುವವರೆಗೆ ಯಾರೂ ಮುಟ್ಟಕೂಡದೆಂದು ಅಪ್ಪಣೆಯನ್ನೂ ಕೊಟ್ಟೆ.

ಮರುದಿನ ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಮಾವ ಹೊಡೆದರು. ಚೆಂಡು ಆಕಾಶಕ್ಕೆ ಏರಿ, ಅತ್ತಲಿನ ಕಾರ್ಖಾನೆಯ ತಗಡಿನ ಮೇಲೆ ಢಂ! ನಾನು ಎದೆಯುಬ್ಬಿಸಿ ನಿಂತೆ. ಮಾವನ ಮುಖ ಮಾತ್ರ ಇಳಿದಿತ್ತು.

"ಇಷ್ಟ್ ದೂರ ಹೋದ್ರ ಹೆಂಗಲೇ ಅಳಿಯಾ? ಗಿಡ್ಡ ಮಾಡು."

"ಮಾಮಾ, ಗಿಡ್ಡ ಮಾಡಿದ್ರ ಚೆಂಡು ದೂರ ಹೋಗಂಗಿಲ್ರಿ."

"ಹೋಗಬಾರದು ಅಂತನ ಹೇಳಾಕತ್ತೀನಿ!"

ಕತ್ತರಿಸಿದೆ. ಹೊಡೆದರು. "ಇನ್ನಾ ಗಿಡ್ಡ." ಮತ್ತೆ ಕತ್ತರಿಸಿದೆ. "ಇನ್ನೊಂದೀಟು." ಕೊನೆಗೆ ಅದು ಡ್ರೈವರೋ ಮದುವೆಮನೆಯ ಸಾರಿನ ಸೌಟೋ ತಿಳಿಯದಂತಾಯಿತು. ನನ್ನ ಕೈಕೆಲಸಕ್ಕೆ ಇಂಥ ಅವಮಾನ! ಸಿಟ್ಟು ನೆತ್ತಿಗೇರಿತು.

"ಅಲ್ಲಿ ಅತ್ತಿ ಒಂದ್ ಹೆಜ್ಜಿ ಇಡಾಕ ಒಲ್ಲೆ ಅಂತಾಳ, ನಿಮಗ ಈ ಕೋಲಿನ ಚಿಂತಿ ಹತ್ತೇತಿ! ಜರಾ ಆದ್ರೂ ನಾಚಿಕಿ ಐತೇನ್ರಿ?"

ಹಿಡಿಕೆಗೆ ಪಟ್ಟಿ ಸುತ್ತುತ್ತಿದ್ದ ಮಾವ ತಲೆ ಎತ್ತಲಿಲ್ಲ. "ಐತವಾರ ಊರಿಗೆ ಬಾ. ಅಲ್ಲೇ ಬಂದ್ ಬೈಯವಂತಿ."

ಭಾನುವಾರ ಬೈಗುಳಗಳನ್ನು ಸಾಣೆ ಹಿಡಿದುಕೊಂಡೇ ಖಾನಾಪುರಕ್ಕೆ ಹೋದೆ. ಹೊತ್ತು ಇಳಿಯುತ್ತಿತ್ತು. ಮಾವ ಆ ಸೌಟಿನಿಂದ ಹೊಡೆದರು. ಚೆಂಡು ಎರಡು ಸಲ ಪುಟಿದು, ಬೇವಿನಮರದ ಬುಡದ ಹುಲ್ಲಿನಲ್ಲಿ ಬೆಳ್ಳಗೆ ಕೂತಿತು. ನನಗೇ ಕಾಣುತ್ತಿತ್ತು! ಮಾವ ಹುಬ್ಬಿಗೆ ಕೈ ಹಚ್ಚಿ ಹುಡುಕಿದ್ದೇ ಹುಡುಕಿದ್ದು. "ಎಲ್ಲಿ ಹೋತೋ ಏನೋ. ಹೋಗ್ಲಿ ಬಿಡು, ಒಂದ್ ಹೋದ್ರ ಏನಾತು?"

ಕಟ್ಟೆಯ ಮೇಲಿನಿಂದ ಅತ್ತೆ ಗುಡುಗಿದರು: "ಏನಾತು ಅಂದ್ರ? ಹೊತ್ತು ಮುಣಗೂ ಮುಂದ ಒಂದನ್ನ ಹೊರಗ ಬಿಟ್ಟು ಮನಿಯೊಳಗ ಬರೂದು ಯಾವ ಊರ ಪದ್ಧತಿರೀ?"

ಅತ್ತೆಯ ತವರೂ ಕುರಿಗಾರರದ್ದೇ. ಸಂಜೆ ಹಟ್ಟಿಗೆ ಒಂದು ಮರಿ ಕಡಿಮೆ ಬಂದರೆ, ಅದು ಸಿಗುವತನಕ ಆ ಮನೆಯಲ್ಲಿ ಯಾರೂ ತುತ್ತು ಎತ್ತುತ್ತಿರಲಿಲ್ಲ.

ಅತ್ತೆ ಗೋಡೆ ಹಿಡಿದರು. ಎದ್ದರು! ಬೇಲಿಯ ಗೂಟಗಳನ್ನು ಹಿಡಿಯುತ್ತ, ಗೊಣಗುತ್ತ, ಬೇವಿನಮರದ ಕಡೆ ಹೊರಟರು. ಮಾವ ಸದ್ದಿಲ್ಲದೆ ಬೆನ್ನ ಹಿಂದೆ, ಎರಡೂ ಕೈ ಚಾಚಿಕೊಂಡು.

"ಇಲ್ಲೇ ಐತಲ್ರಿ! ಕಣ್ಣು ಕುರುಡಾಗ್ಯಾವೇನು?"

"ಆಗ್ಯಾವ ನೋಡು. ವಯಸ್ಸಾತು."

ಹುಲ್ಲಿನಲ್ಲಿ ಸೂಜಿ ಬಿದ್ದರೂ ಹೆಕ್ಕುವ ಮಾವ! ನನ್ನ ಬೈಗುಳಗಳೆಲ್ಲ ಸಾಣೆಕಲ್ಲಿಗೇ ವಾಪಸು! ಆಮೇಲೆ ಮೆಲ್ಲಗೆ ಕೇಳಿದೆ, "ಚೆಂಡನ್ನ ಕೈಲೇ ಒಗದಿದ್ರ ಆಗ್ತಿತ್ತಲ್ರಿ ಮಾಮಾ?"

"ಒಗದ್ರ, ಬೇಕಂತನ ಒಗದಾನ ಅಂತಾಳ. ಆಡಾಕ ಹೋಗಿ ಕಳದ್ರ ಹುಡುಕತಾಳ."

ಮಳೆಗಾಲ ಮುಗಿದ ಮೇಲೆ ಮಾವ ಮತ್ತೆ ಕಂಬಳಿ ಹೊತ್ತು ಅಂಗಡಿಗೆ ಬಂದರು. ಆ ಸೌಟನ್ನು ನನ್ನ ಮುಂದಿಟ್ಟು, ಬಾಜೂ ಒಂದು ಹೊಸ ಶಾಫ್ಟು ಇಟ್ಟರು.

"ಅಳಿಯಾ, ಈಗ ಉದ್ದಂದು ಹಾಕು."

"ಎಷ್ಟು ಉದ್ದ ಮಾಮಾ?" ಎಂದು ಟೇಪು ಬಿಚ್ಚಿದೆ.

ಮಾವ ಟೇಪನ್ನು ಬಾಜೂ ಸರಿಸಿದರು. "ಚೆಂಡು ಹೊಳಿ ದಂಡಿ ಮುಟ್ಟಬೇಕು ನೋಡು. ಅಕಿ ಹೊಳಿ ನೋಡಿ ಭಾಳ ದಿನ ಆತು."