ಐಡ್ರೋಜನ್ ಮೇಷ್ಟ್ರ ತಗಡಿನ ಟ್ರಂಕು

ಮೇಷ್ಟ್ರಿಗೆ ಬೇಸಿಗೆ ರಜೆ ಇದೆ, ದಸರಾ ರಜೆ ಇದೆ. ನಗೆಪಾಟಲಾಗುವುದಕ್ಕೆ ಮಾತ್ರ ರಜೆ ಇಲ್ಲ. ಅದರಲ್ಲೂ ಪಾಠವನ್ನು ಮಾಡಿಯೇ ತೋರಿಸುತ್ತೇನೆ ಎಂದು ಹೊರಟ ವಿಜ್ಞಾನದ ಮೇಷ್ಟ್ರಿಗೆ ವಾರಕ್ಕೊಂದು ಗ್ಯಾರಂಟಿ.

ನಾನು ನಾಗಮಂಗಲ ಕಡೆಯವನು. ಕೆ.ಆರ್. ಪೇಟೆಯಲ್ಲಿ ಕೆಲವು ವರ್ಷ ಪಾಠ ಮಾಡಿ, ತೊಣ್ಣೂರಿನ ಆಚೆಗಿದ್ದ ಒಂದು ಹೈಸ್ಕೂಲಿಗೆ ವರ್ಗವಾಗಿ ಬಂದೆ. ವಿಜ್ಞಾನ, ಗಣಿತ ಎರಡೂ ನನ್ನ ತಲೆಗೇ. ಬರುವಾಗ ಒಂದು ತಗಡಿನ ಟ್ರಂಕು ತಂದಿದ್ದೆ. ಅದರೊಳಗೆ ಅಯಸ್ಕಾಂತ, ಹಳೇ ಬಲ್ಬು, ವೈರು, ಟೇಪು, ಎಳನೀರು ಕುಡಿಯುವ ಸ್ಟ್ರಾ, ಒಂದು ಡಬ್ಬಿ ಜೇಡಿಮಣ್ಣು. ಅದನ್ನು ತೆರೆದರೆ ಸಾಕು, ಕೊನೇ ಬೆಂಚಿನವರೂ ಮುಂದೆ ಬಂದು ನಿಲ್ಲುತ್ತಿದ್ದರು. ಹಾಗಾಗಿ ಆ ಟ್ರಂಕೆಂದರೆ ನನಗೆ ಜೀವ.

ನಮ್ಮ ಹೆಡ್ ಮಾಸ್ಟರಿಗೆ ಮಾತ್ರ ಅದು ಕಂಡರಾಗದು. ಮೈಸೂರಿನವರು, ಈ ಊರಲ್ಲೇ ಬಾಡಿಗೆ ಮನೆ ಮಾಡಿದ್ದರು. "ಮೇಷ್ಟ್ರೇ, ಮೇಲಿನವರು ರಿಸಲ್ಟ್ ಕೇಳ್ತಾರೆ, ಆಟ ಕೇಳಲ್ಲ. ಊರಿಂದ ಮೂರು ದೂರು ಬರಲಿ, ಇದಕ್ಕೆ ಬೀಗ ಜಡಿದು ಸ್ಟೋರ್ ರೂಮಿಗೆ ತಳ್ತೀನಿ" ಎಂದು ಮೊದಲ ವಾರವೇ ಹೇಳಿಬಿಟ್ಟರು.

ನೀರಿನ ಸೂತ್ರ

ಜೇಡಿಮಣ್ಣಿನ ಉಂಡೆ ಕಟ್ಟಿ, ಬೆಂಕಿಕಡ್ಡಿಯಲ್ಲಿ ಜೋಡಿಸಿ, ಪ್ರತಿ ಉಂಡೆಗೂ ಚೀಟಿ ಅಂಟಿಸಿ ನೀರಿನ ಅಣು ಮಾಡಿ ಎಂದೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ಮುಗಿಸಿ ತಂದಳು. ಅಂದವಾಗಿತ್ತು. ಆದರೆ ಎರಡು ಸಣ್ಣ ಉಂಡೆಗಳ ಮೇಲೂ ಇಂಗ್ಲಿಷಿನ 'ಐ' ಅಕ್ಷರ.

"ಇದೇನಮ್ಮ, ಐ ಟು ಓ?"

"ಐಡ್ರೋಜನ್ನು ಸಾ. ಅದ್ಕೆ ಐ."

"ಐಡ್ರೋಜನ್ ಅಂತ ಯಾರು ಹೇಳಿದ್ದು?"

"ನೀವೇ ಯೋಳಿದ್ದು ಸಾ!"

ಇಡೀ ಕ್ಲಾಸು ಹೌದೆಂದು ತಲೆಯಾಡಿಸಿತು. ನಮ್ಮ ಕಡೆ ಹಕಾರ ನಾಲಿಗೆಗೆ ಬರುವುದೇ ಕಷ್ಟ. ನಾನೂ ಅದೇ ಮಣ್ಣಿನವನು. ಅಂದಿನಿಂದ ಊರಿಗೆಲ್ಲ ನಾನು ಐಡ್ರೋಜನ್ ಮೇಷ್ಟ್ರಾದೆ. ನಾಚಿಕೆಯಾಗಿ, ಬೆಳಗಿನ ಜಾವ ಎದ್ದು ಹಿತ್ತಿಲಲ್ಲಿ ನಿಂತು ಹ ಹ ಹ ಎಂದು ಅಭ್ಯಾಸ ಶುರು ಮಾಡಿದೆ. ನನ್ನ ಹೆಂಡತಿ ಪಕ್ಕದ ಮನೆಯಾಕೆಗೆ, "ಒಬ್ರೇ ನಿಂತ್ಕಂಡು ನಗ್ತಾವ್ರೆ, ಏನಾಯ್ತೋ ಕಾಣೆ ಕಣಕ್ಕ" ಎಂದು ಹೇಳಿಕೊಂಡಳಂತೆ. ಎಂಟು ದಿನಕ್ಕೆ ಫಲ ಸಿಕ್ಕಿತು. ಕ್ಲಾಸಿನಲ್ಲಿ ಹೈಡ್ರೋಜನ್ ಅಚ್ಚುಕಟ್ಟಾಗಿ ಬಂತು. ಅದೇ ಉಸಿರಿನಲ್ಲಿ ಪಕ್ಕದ ಆಕ್ಸಿಜನ್ನು 'ಹಾಕ್ಸಿಜನ್' ಆಗಿಹೋಯಿತು.

ಸೊನ್ನೆ ಕೆಲಸ

ಬಲ ಹಾಕಿದಾಗ ವಸ್ತು ಜಾಗ ಬಿಟ್ಟು ಸರಿದರೆ ಮಾತ್ರ ವಿಜ್ಞಾನದಲ್ಲಿ ಅದು ಕೆಲಸ. ಸರಿಯುವುದಕ್ಕೆ ಪುಸ್ತಕದಲ್ಲಿ ಸ್ಥಾನಪಲ್ಲಟ ಎನ್ನುತ್ತಾರೆ. ಮಕ್ಕಳ ಕೈಯಲ್ಲಿ ಇಟ್ಟಿಗೆ ಎಳೆಸಿದೆ, ಗೋಡೆ ತಳ್ಳಿಸಿದೆ. ಗೋಡೆ ಅಲುಗಲಿಲ್ಲ, ಆದ್ದರಿಂದ ಕೆಲಸ ಸೊನ್ನೆ. ಎಲ್ಲರಿಗೂ ಅರ್ಥವಾಯಿತು. ಸ್ವಲ್ಪ ಜಾಸ್ತಿಯೇ ಅರ್ಥವಾಯಿತು.

ಮಾರನೇ ದಿನ ಆ ಮೂರನೇ ಬೆಂಚಿನ ಹುಡುಗಿಯ ತಾಯಿ ಹೆಡ್ ಮಾಸ್ಟರ ಮುಂದೆ ನಿಂತಿದ್ದರು. "ಕಸ ಗುಡ್ಸೇ ಅಂದ್ರೆ, 'ಒಂಟ ಜಾಗಕ್ಕೇ ವಾಪಸ್ ಬತ್ತೀನಿ, ಸ್ಥಾನಪಲ್ಲಟ ಇಲ್ಲ. ಗುಡ್ಸುದ್ರೂ ಸೊನ್ನೆ, ಸುಮ್ಕಿದ್ರೂ ಸೊನ್ನೆ' ಅಂತ ಕುಂತವ್ಳೆ ಸಾ!"

ಇದು ಮೊದಲನೇ ದೂರು. ಆ ವಾರವೇ ತಾಲ್ಲೂಕಿನಿಂದ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಕೆಲಸದ ಪಾಠ ಆಗಿದೆಯೆಂದು ತಿಳಿದು, "ಈ ಸ್ಕೂಲಲ್ಲಿ ಹೆಚ್ಚು ಕೆಲಸ ಮಾಡೋರು ಯಾರಮ್ಮ?" ಎಂದು ಅದೇ ಹುಡುಗಿಯನ್ನು ಕೇಳಿದರು.

"ಬಿಸಿಯೂಟದ ಅಕ್ಕ ಸಾ. ಅಕ್ಕಿ ಮೂಟೆ ಎಳೀತಾರೆ."

"ನಿಮ್ಮ ಹೆಡ್ ಮಾಸ್ಟರು?"

"ಸೊನ್ನೆ ಸಾ. ಬೆಳಿಗ್ಗೆ ಕುಂತ್ರೆ ಸಂಜೆಗಂಟ ಸ್ಥಾನಪಲ್ಲಟನೇ ಇಲ್ಲ."

ಅಧಿಕಾರಿ ಕೆಮ್ಮಿದರು. ಅವರು ಜೀಪು ಹತ್ತಿದ ಮೇಲೆ ಹೆಡ್ ಮಾಸ್ಟರು ಕುರ್ಚಿ ಬಿಟ್ಟೆದ್ದು, ಕಾರಿಡಾರಿನ ಉದ್ದಕ್ಕೂ ನಡೆದು, ನನ್ನನ್ನು ಬೈಯುವುದಕ್ಕೆ ಕ್ಲಾಸಿನ ತನಕ ಬಂದರು. ನಮ್ಮ ಲೆಕ್ಕದಲ್ಲಿ ಅದು ಕೆಲಸವೇ.

ತೆಂಗಿನ ಮರದ ನೆರಳು

ಮರ ಹತ್ತದೆ ಅದರ ಎತ್ತರ ಹೇಳುವ ಲೆಕ್ಕವೊಂದಿದೆ. ನೆಟ್ಟ ಕೋಲಿನ ನೆರಳು, ಮರದ ನೆರಳು ಎರಡನ್ನೂ ಅಳೆದರೆ ಸಾಕು. ಟೇಪು, ಕೋಲು ಹಿಡಿದು ಮಕ್ಕಳೊಂದಿಗೆ ರಸ್ತೆ ಪಕ್ಕದ ತೋಟಕ್ಕೆ ಹೋದೆ. ಹತ್ತು ನಿಮಿಷಕ್ಕೆ ತೋಟದ ಯಜಮಾನರು ಟವೆಲ್ಲು ಜಾರಿದ್ದೂ ಗೊತ್ತಿಲ್ಲದೆ ಓಡಿಬಂದರು.

"ರೋಡ್ ಅಗಲ ಮಾಡಕ್ಕೆ ಐಕ್ಳ ಕೈಲಿ ಅಳತೆ ಮಾಡುಸ್ತಾ ಇದೀರಾ? ನನ್ ಮರಕ್ಕೆ ಕೈ ಇಟ್ರೆ ಸುಮ್ನಿರಲ್ಲ!"

ನೆರಳು ಅಳೀತಿದ್ದೇವೆ ಎಂದೆ. "ನೆರಳ್ನೂ ಬುಡಲ್ವಾ ನೀವು?" ಎಂದು ನೇರ ಹೆಡ್ ಮಾಸ್ಟರ ಹತ್ತಿರ ಹೋದರು. ಎರಡನೇ ದೂರು. ಅಷ್ಟರಲ್ಲಿ ಪಕ್ಕದ ತೋಟದವರು ಬಂದು ನನ್ನ ಕಿವಿಯಲ್ಲಿ ಮೆಲ್ಲಗೆ, "ಎಂಗೂ ಟೇಪ್ ತಂದಿದೀರಿ, ಅವ್ರು ನಮ್ ಬದು ಎಷ್ಟು ಒತ್ತವ್ರೆ ನೋಡ್ಬುಡಿ ಸಾ" ಎಂದರು.

ಹಾಲಿನ ಪರೀಕ್ಷೆ

ಒಂದು ತಿಂಗಳು ಟ್ರಂಕು ಮುಟ್ಟಲಿಲ್ಲ. ಮಕ್ಕಳು ಬಂದು ಅದರ ಮುಚ್ಚಳ ಸವರಿ ಹೋಗುತ್ತಿದ್ದರು. ಅದನ್ನು ನೋಡಿ, ಇನ್ನೊಂದೇ ಪ್ರಯೋಗ ಎಂದುಕೊಂಡೆ. ಸ್ಟ್ರಾದ ತುದಿಗೆ ಜೇಡಿಮಣ್ಣು ಮೆತ್ತಿ ತೇಲಿಬಿಟ್ಟರೆ ನೀರಿನಲ್ಲಿ ಹೆಚ್ಚು ಇಳಿಯುತ್ತದೆ, ಹಾಲಿನಲ್ಲಿ ಕಡಿಮೆ. ಸ್ಟ್ರಾದ ಮೇಲೆ ಎರಡಕ್ಕೂ ಗೆರೆ ಹಾಕಿಸಿ, ಮನೆಯಿಂದ ಒಂದೊಂದು ಲೋಟ ಹಾಲು ತನ್ನಿ ಎಂದೆ.

ಮನೆಮನೆಯಲ್ಲೂ ಡೈರಿಗೆ ಹಾಲು ಹಾಕುವ ಊರು ಎನ್ನುವುದು ಆ ಗಳಿಗೆಯಲ್ಲಿ ನನ್ನ ತಲೆಗೆ ಹೊಳೆಯಲಿಲ್ಲ.

ಮಾರನೇ ಬೆಳಿಗ್ಗೆ ಗೇಟಿನ ಮುಂದೆ ಇಪ್ಪತ್ತು ಜನ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಮೇಷ್ಟ್ರುಗಳ ಮನೆಗೆಲ್ಲ ಹಾಲು ಹಾಕುವ ಯಜಮಾನರು. "ಮಕ್ಕಳ ಕೈಲಿ ಆಲು ತರ್ಸಿ ಊರ್ ಮರ್ವಾದೆ ಕಳೀತಾವ್ರೆ. ಆ ಪೆಟ್ಗೆಗೆ ಮೊದ್ಲು ಬೀಗ ಜಡೀರಿ ಸಾ!"

ಹೆಡ್ ಮಾಸ್ಟರು ಹೊರಗೆ ಬಂದರು. ಕೈಯಲ್ಲಿ ಹೊಸ ಬೀಗ. ಮಕ್ಕಳು ಟ್ರಂಕಿನ ಸುತ್ತ ನಿಂತುಬಿಟ್ಟಿದ್ದರು. ನನಗೆ ನಿಜಕ್ಕೂ ಕಣ್ಣು ತುಂಬಿತು.

ಹೆಡ್ ಮಾಸ್ಟರು ಬೀಗವನ್ನು ಮೇಜಿನ ಮೇಲಿಟ್ಟು, ಬ್ಯಾಗಿನಿಂದ ಒಂದು ಸ್ಟೀಲ್ ಲೋಟ ತೆಗೆದರು. "ಜಡಿಯೋಣ. ಅದಕ್ಕೆ ಮುಂಚೆ ನಮ್ಮ ಮನೆಗೆ ಬರೋ ಹಾಲು ಒಂದ್ಸಲ ನೋಡಿಬಿಡಿ ಮೇಷ್ಟ್ರೇ" ಎಂದರು. ಹಾಲಿನ ಯಜಮಾನರು ಗೇಟಿನ ಕಡೆ ಒಂದು ಹೆಜ್ಜೆ ಸರಿದರು.

ಮೂರನೇ ಬೆಂಚಿನ ಹುಡುಗಿ ಸ್ಟ್ರಾ ಬಿಟ್ಟಳು. ಅದು ಹಾಲಿನ ಗೆರೆ ದಾಟಿ ನೀರಿನ ಗೆರೆಯ ಹತ್ತಿರ ಹೋಗಿ ನಿಂತಿತು. ತಿರುಗಿ ನೋಡಿದರೆ ಹಾಲಿನ ಯಜಮಾನರು ಗೇಟು ದಾಟಿದ್ದರು. ಹೆಡ್ ಮಾಸ್ಟರು ಬೀಗವನ್ನೂ ಎರಡು ಕೀಲಿಕೈಯನ್ನೂ ನನ್ನ ಅಂಗೈಗೆ ಹಾಕಿ, "ಟ್ರಂಕಿಗೆ ಹಾಕಿಕೊಳ್ಳಿ. ಈ ಊರಲ್ಲಿ ಯಾರಾದರೂ ಕದ್ದಾರು" ಎಂದರು.

ಈಗ ನಿವೃತ್ತನಾಗಿ ಶ್ರೀರಂಗಪಟ್ಟಣದಲ್ಲಿದ್ದೇನೆ. ಟ್ರಂಕು, ಬೀಗ ಎರಡೂ ಮಂಚದ ಕೆಳಗಿವೆ. ಹಾಲು ತುಸು ತೆಳ್ಳಗೆ ಕಂಡರೆ ಆ ಬೆಳಿಗ್ಗೆ ನೆನಪಾಗುತ್ತದೆ. ಲೋಟದ ಮೇಲೆ ಬಗ್ಗಿ, ಊರಿಗೆಲ್ಲ ಕೇಳುವ ಹಾಗೆ ಆ ಹುಡುಗಿ ಫಲಿತಾಂಶ ಕೂಗಿದ್ದಳು:

"ಈ ಆಲಲ್ಲಿ ಐ ಟು ಓ ಜಾಸ್ತಿ ಅದೆ ಸಾ!"

ಆವತ್ತು ನಾನು ಅವಳನ್ನು ತಿದ್ದಲಿಲ್ಲ.