ಎಡ ಮಂಡಿಗಳಿಗೆ ಗುರುತು ಹಾಕಲು ಮರು ಅವಕಾಶ ಕೋರಿ

ಇಂದ,
ಹಿಂದೆ ಲೇಸರ್ ಗುರುತು ವಿಭಾಗದಲ್ಲಿದ್ದವನು,
ಸದ್ಯ ಪ್ಯಾಕಿಂಗ್ ವಿಭಾಗದಲ್ಲಿ ಟೇಪು ಅಂಟಿಸುತ್ತಿರುವವನು,
ಕೃತಕ ಮಂಡಿ ತಯಾರಿಸುವ ಕಾರ್ಖಾನೆ.

ಗೆ,
ಗುಣಮಟ್ಟ ವಿಭಾಗದ ಮುಖ್ಯಸ್ಥರು,
ಅದೇ ಕಾರ್ಖಾನೆ, ಗಾಜಿನ ಕೋಣೆ.

ವಿಷಯ: ಮೂರನೇ ಅಳತೆಯ ಎಡ ಮಂಡಿಗಳಿಗೆ ಗುರುತು ಹಾಕಲು ನನ್ನನ್ನು ಮರಳಿ ಲೇಸರ್ ಯಂತ್ರಕ್ಕೆ ಕಳುಹಿಸುವ ಬಗ್ಗೆ.

ಉಲ್ಲೇಖ: 1) "ಪ್ರತಿಯೊಂದನ್ನೂ ಅತಿಯಾಗಿ ನೋಡುತ್ತಿರುವ" ಕಾರಣ ನನ್ನನ್ನು ವರ್ಗಾಯಿಸಿದ ತಮ್ಮ ಆದೇಶ.
2) ಲೇಸರ್ ವಿಭಾಗದ ಗೋಡೆಯ ಫಲಕ: "ಇದನ್ನು ನಿಮ್ಮ ತಾಯಿಗೇ ಹಾಕುತ್ತಾರೆ ಎಂದುಕೊಂಡು ಕೆಲಸ ಮಾಡಿ."
3) ನಮ್ಮ ತಾಯಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ ಮೂರರಲ್ಲಿರುವವರು ತಮ್ಮ ಎಡ ಮಂಡಿಯ ಶಸ್ತ್ರಚಿಕಿತ್ಸೆಗೆ ಸುತರಾಂ ಒಪ್ಪುತ್ತಿಲ್ಲವೆಂದೂ, ಆ ಕಾರಣ ಮೂರನೇ ಮಹಡಿಯ ಮನೆಯಿಂದ ಕೆಳಗಿಳಿಯಲಾರದೆ ಕಿಟಕಿಯ ಬಳಿ ಕೂತಿದ್ದಾರೆಂದೂ, ಇದಕ್ಕೆ ಉಲ್ಲೇಖ ಒಂದರ ಆದೇಶವೇ ಕಾರಣವೆಂದೂ ತಮ್ಮ ಅವಗಾಹನೆಗೆ ತರಬಯಸುತ್ತೇನೆ. ವಿವರ ಈ ಕೆಳಗಿನಂತಿದೆ.

1. ಕಳೆದ ವರ್ಷ ತಾಯಿಯವರ ಬಲಗಾಲಿಗೆ ಹಾಕಿದ್ದು ನಮ್ಮ ಕಾರ್ಖಾನೆಯದೇ ಮಂಡಿ. ಆಸ್ಪತ್ರೆಯವರು ಕೊಟ್ಟ ಕಾರ್ಡಿನಲ್ಲಿದ್ದ ಸಂಖ್ಯೆ ನೋಡಿ, ಇದು ನನ್ನ ಪಾಳಿಯಲ್ಲಿ ನನ್ನ ಯಂತ್ರದಿಂದ ಆ ಸಂಖ್ಯೆಯ ಗುರುತು ಹಾಕಿಸಿಕೊಂಡು ಹೋದದ್ದೆಂದು ಮನೆಯಲ್ಲಿ ಬಾಯಿಬಿಟ್ಟೆ. ಬಾಯಿ ಮುಚ್ಚಿಕೊಂಡಿದ್ದರೆ ಈ ಅರ್ಜಿಯೇ ಇರುತ್ತಿರಲಿಲ್ಲ. ಅಂದಿನಿಂದ ತಾಯಿಯವರು ಬಂದವರಿಗೆಲ್ಲ ಮಂಡಿ ತಟ್ಟಿ ತೋರಿಸಿ, "ಇದರೊಳಗೆ ನನ್ನ ಮಗನ ಅಕ್ಷರ ಇದೆ" ಎನ್ನತೊಡಗಿದರು.

ಅಕ್ಷರ ನನ್ನದಲ್ಲ, ಯಂತ್ರದ್ದು. ನಾನು ಮಾಡುವುದು ಲೋಹದ ತುಂಡನ್ನು ಅದರ ಜಾಗದಲ್ಲಿ ಕೂರಿಸಿ, ಬಾಗಿಲು ಮುಚ್ಚಿ, ಹಸಿರು ಗುಂಡಿ ಒತ್ತುವುದಷ್ಟೇ. ಲೇಸರ್ ಬೆಳಕು ಲೋಹವನ್ನು ಕೆತ್ತುವುದೂ ಇಲ್ಲ, ಬಿಸಿಗೆ ಬಣ್ಣ ಮಾತ್ರ ಕಪ್ಪಗೆ ತಿರುಗುತ್ತದೆ ಎಂದು ಸವಿಸ್ತಾರವಾಗಿ ವಿವರಿಸಿದೆ.

"ಗುಂಡಿ ಒತ್ತಿದ ಬೆರಳು ಪಕ್ಕದ ಮನೆಯವರದ್ದೇನೋ?" ಎಂದರು.

2. ಆ ನಂತರ ಫಲಕದ ಮಾತು ನನ್ನ ಪಾಲಿಗೆ ಬರೀ "ಎಂದುಕೊಳ್ಳುವ" ಮಾತಾಗಿ ಉಳಿಯಲಿಲ್ಲ. ಯಂತ್ರದ ಬಾಗಿಲು ತೆರೆದಾಗಲೆಲ್ಲ ಹೊರಗೆ ಬರುತ್ತಿದ್ದದ್ದು ಯಾರದೋ ಅಮ್ಮನ ಮಂಡಿ. ಒಂದು ಅಂಕಿಯ ಬಾಲ ಮಸುಕಾಗಿ ಕಂಡರೂ ಭೂತಗನ್ನಡಿ ಹಿಡಿದು ಮತ್ತೆ ನೋಡುತ್ತಿದ್ದೆ. "ಅದೇನು ಪ್ರೇಮಪತ್ರನಾ, ಅಷ್ಟು ಸಲ ಓದೋಕೆ? ಮುಂದಕ್ಕೆ ತಳ್ಳಯ್ಯಾ!" ಎಂದು ಸೂಪರ್‌ವೈಸರ್ ಗದರಿದರು. ತಾಯಿ ಎಂದುಕೊಂಡು ಮಾಡಿದರೆ ಅದು ಗುಣಮಟ್ಟ, ನಿಜವಾಗಿಯೂ ತಾಯಿಯೇ ಆಗಿಬಿಟ್ಟರೆ ಅದು ಉತ್ಪಾದನೆಗೆ ಅಡ್ಡಿ ಎಂಬ ಸೂಕ್ಷ್ಮ ನನ್ನ ಮಂದಬುದ್ಧಿಗೆ ಹೊಳೆದಿರಲಿಲ್ಲ. ಆದ್ದರಿಂದ ಪ್ಯಾಕಿಂಗ್‌ಗೆ ಬಂದೆ. ಮನೆಯಲ್ಲಿ ಹೇಳಲಿಲ್ಲ.

3. ಈಗ ಎಡ ಮಂಡಿಯ ಸರದಿ. ಬಲಗಾಲು ಮೊದಲ ಮೆಟ್ಟಿಲಿಗೆ ಸಲೀಸಾಗಿ ಇಳಿಯುತ್ತದೆ, ಎಡಗಾಲು ಹೊಸಿಲಲ್ಲೇ ಮುಷ್ಕರ ಹೂಡುತ್ತದೆ. ಇನ್ನೂ ತಡ ಮಾಡಿದರೆ ಆ ಕಾಲು ಮಡಚುವುದೇ ನಿಂತುಹೋಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ತಾಯಿಯವರಾದರೋ ಕಾರ್ಡಿನ ಮೂಲೆಯಲ್ಲಿ, ವೃತ್ತದೊಳಗೆ 2 ಎಂದು ಬರೆದು ಅಡ್ಡಗೆರೆ ಎಳೆದ ಚಿಹ್ನೆ ತೋರಿಸಿ, "ಎರಡನೇದು ಬೇಡ ಅಂತ ನಿಮ್ಮವರೇ ಬರೆದಿದ್ದಾರಲ್ಲೋ!" ಎಂದರು. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಬಾರದು ಎಂದು ಅದರ ಅರ್ಥ ಎಂದೆ. "ನನ್ನ ಮಂಡಿ ಬಿಚ್ಚಿಕೊಂಡು ಹೋಗೋಕೆ ಯಾರು ಬರ್ತಾರೆ?" ಎಂದು ಕೇಳಿದರು. ನಾನು ವೈದ್ಯರ ಮಾತನ್ನೇ ಮತ್ತೆ ಮತ್ತೆ ಹೇಳಿದೆ.

ಅಂತೂ ಒಪ್ಪಿದರು. ಒಪ್ಪಿದ ಮೇಲೆ, "ಇದಕ್ಕೂ ನೀನೇ ತಾನೇ ಗುರುತು ಹಾಕೋದು?" ಎಂದರು.

4. ಈ ಅಂಶ ತಮ್ಮ ಬಗ್ಗೆ ಇತ್ತು. ಹೆಂಡತಿಯ ಸಲಹೆಯ ಮೇರೆಗೆ ಕೈಬಿಡಲಾಗಿದೆ.

5. ಅದೇ ಹೆಂಡತಿ ಅಡುಗೆಮನೆಗೆ ಕರೆದು, "ಹೂಂ ಅಂದ್ಬಿಡ್ರೀ. ಅತ್ತೆ ಏನು ಒಳಗೆ ಇಣುಕಿ ನೋಡ್ತಾರಾ?" ಎಂದಳು. ಹೂಂ ಎನ್ನಲು ಹೋದೆ. ತಾಯಿಯವರು ನನ್ನ ಮುಖ ನೋಡಿದರು.

"ನಿನ್ನನ್ನ ಆ ಮೆಷಿನ್‌ನಿಂದ ಎತ್ತಿ ಹಾಕಿದ್ದಾರೆ, ಅಲ್ವೇನೋ?"

ಅತ್ತುಬಿಟ್ಟೆ. ನರೆತ ಮೀಸೆಯ ನೌಕರನೊಬ್ಬ ತಾಯಿಯ ಮುಂದೆ ಅಳುವುದು ಸೇವಾ ನಿಯಮಗಳ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ತಿಳಿಯದು. ಬರುವುದಾದರೆ ಇದನ್ನೇ ವರದಿ ಎಂದು ಪರಿಗಣಿಸುವುದು. ತಾಯಿಯವರು ನನ್ನ ತಲೆ ಸವರಿ ಹೇಳಿದ್ದನ್ನು ಯಥಾವತ್ತಾಗಿ ಬರೆಯುತ್ತೇನೆ:

"ಗುರುತಿಲ್ಲದವರ ಗುರುತು ನನ್ನ ಕಾಲೊಳಗೆ ಬೇಡಪ್ಪಾ. ಬಲಗಾಲು ಊರುವಾಗ ಹೆದರಿಕೆ ಆಗಲ್ಲ ಕಣೋ, ನೀನು ಒಳಗೆ ಹಿಡ್ಕೊಂಡಿದ್ದೀಯ ಅನ್ಸುತ್ತೆ. ಎಡಗಾಲಿಗೆ ಯಾರಿದ್ದಾರೆ?"

ಅಂದಿನಿಂದ ಶಸ್ತ್ರಚಿಕಿತ್ಸೆಯ ಮಾತೆತ್ತಿದರೆ ಕಿಟಕಿಯ ಕಡೆ ತಿರುಗುತ್ತಾರೆ. ಕೆಳಗಿನ ಕಲ್ಲುಬೆಂಚಿನಲ್ಲಿ ಅವರ ಗೆಳತಿಯರು ಹರಟುತ್ತಾರೆ, ಇವರು ಮೇಲಿನಿಂದ ಕೂಗಿ ಮಾತಾಡುತ್ತಾರೆ. ನನಗೆ ಭಯವಾಗಿದೆ, ಸ್ವಾಮಿ. ಅವರು ಇನ್ನು ಯಾವತ್ತೂ ತಮ್ಮ ಕಾಲ ಮೇಲೆ ಕೆಳಗೆ ಬರುವುದಿಲ್ಲವೇನೋ ಎಂದು ಭಯವಾಗಿದೆ.

6. ಇಲ್ಲೊಂದು ಆಡಳಿತಾತ್ಮಕ ತೊಡಕಿದೆ. ಯಾವ ಮಂಡಿ ಯಾರ ಕಾಲಿಗೆ ಹೋಗುತ್ತದೆಂದು ಗುರುತು ಹಾಕುವವನಿಗೆ ಮೊದಲೇ ತಿಳಿಯುವುದಿಲ್ಲ. ಆ ಕಾರಣ, ಒಂದೇ ಒಂದನ್ನು ಮಾಡಿ ಬರುತ್ತೇನೆಂದು ಕೇಳುವಂತಿಲ್ಲ. ತಾಯಿಯವರದು ಮೂರನೇ ಅಳತೆಯಾದ್ದರಿಂದ ಆ ಅಳತೆಯ ಎಡ ಮಂಡಿಗಳಷ್ಟನ್ನೂ ನಾನೇ ಮಾಡಬೇಕಾಗುತ್ತದೆ, ಅಷ್ಟನ್ನೂ ಅತಿಯಾಗಿ ನೋಡಬೇಕಾಗುತ್ತದೆ. ಇದರಿಂದ ಬೇರೆಯವರ ತಾಯಂದಿರಿಗೂ ಅನವಶ್ಯಕವಾಗಿ ಒಳ್ಳೆಯದಾಗುವುದನ್ನು ತಡೆಯಲು ನನ್ನಿಂದಾಗದು. ಕ್ಷಮೆ ಇರಲಿ.

ಆದ್ದರಿಂದ, ಮೇಲಿನ ಕಾರಣಗಳನ್ನು ಪರಿಶೀಲಿಸಿ, ನನ್ನನ್ನು ಮರಳಿ ಲೇಸರ್ ಯಂತ್ರಕ್ಕೆ ಕಳುಹಿಸಬೇಕಾಗಿ ವಿನಂತಿ. ವೇಗ ಹೆಚ್ಚಿಸಿಕೊಳ್ಳುತ್ತೇನೆಂದು ಸುಳ್ಳು ಭರವಸೆ ಕೊಡಲಾರೆ. ಸುಳ್ಳು ಹೇಳಿದರೆ ನನ್ನ ಮುಖ ಏನಾಗುತ್ತದೆಂದು ಐದನೇ ಅಂಶದಲ್ಲಿ ತಿಳಿಸಿದ್ದೇನೆ.

ಪ್ಯಾಕಿಂಗ್‌ನಲ್ಲಿದ್ದರೂ ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು:
ಅ) ಆಸ್ಪತ್ರೆ ಕಾರ್ಡಿನ ನಕಲು.
ಆ) ತಾಯಿಯವರ ಬಲ ಮಂಡಿ. ಮೂಲಪ್ರತಿ ಬಳಕೆಯಲ್ಲಿರುವುದರಿಂದ ಲಗತ್ತಿಸಿಲ್ಲ.

ವಿ.ಸೂ.: ಅರ್ಜಿಯನ್ನು ತಿರಸ್ಕರಿಸುವುದಾದರೆ ಉತ್ತರವನ್ನು ನನ್ನ ಕೈಗೆ ಕೊಡದೆ, ತಾವೇ ಮನೆಗೆ ಬಂದು ತಾಯಿಯವರ ಮುಖ ನೋಡಿಕೊಂಡು ಓದಿ ಹೇಳಬೇಕಾಗಿ ಪ್ರಾರ್ಥನೆ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ತಮ್ಮ ಎರಡೂ ಮಂಡಿಗಳು ಗಟ್ಟಿಯಾಗಿವೆ ಎಂದು ನಂಬಿದ್ದೇನೆ.